21 ದಿನದ ಲೆಕ್ಕ ಸರಿಯಲ್ಲ: ನಂಬಿದವರ ಮೋಸದ ಬಗ್ಗೆ ಸ್ಪಷ್ಟನೆ

“ನಂಬಿದವರು ಮೋಸ ಮಾಡಿದರೆ 21 ದಿನ ಆ ಮಾತೇ ಎತ್ತಬೇಡಿ, ನೋವು ತಾನಾಗಿ ಇಳಿಯುತ್ತದೆ, ಇಳಿಯದಿದ್ದರೆ ನಿಮ್ಮ ಮನಸ್ಸೇ ದುರ್ಬಲ” ಎಂಬ ಸಂದೇಶ ಹಾಸನ, ಚಿಕ್ಕಮಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

21ರ ಲೆಕ್ಕ ಹಬ್ಬಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತಿನಿಂದ. ಶಸ್ತ್ರಚಿಕಿತ್ಸೆಯ ನಂತರ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕು ಎಂದಿದ್ದರು ಅವರು. ಮೋಸದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಗಂಡ, ಹೆಂಡತಿ, ಅಣ್ಣತಮ್ಮಂದಿರು, ಆಪ್ತ ಗೆಳೆಯರು ಕೈಕೊಟ್ಟಾಗ ಹೊರಗಿನವರ ಮೋಸಕ್ಕಿಂತ ಪೆಟ್ಟು ಆಳ. ಯಾಕೆಂದರೆ ಕಷ್ಟದಲ್ಲಿ ಯಾರ ಹತ್ತಿರ ಹೋಗುತ್ತಿದ್ದೆವೋ ಅವರೇ ಕಷ್ಟದ ಮೂಲ. ಹಳೆಯ ನೆನಪುಗಳೂ ಸುಳ್ಳಿರಬಹುದೇ ಎಂಬ ಅನುಮಾನ ಹುಟ್ಟುತ್ತದೆ. ನಡುರಾತ್ರಿ ಎಚ್ಚರ, ಊಟ ಸೇರದಿರುವುದು, ಪದೇ ಪದೇ ಮೊಬೈಲ್ ತಪಾಸಣೆ ಇವೆಲ್ಲ ದೌರ್ಬಲ್ಯವಲ್ಲ, ಅಪಾಯ ಕಂಡ ಮೆದುಳಿನ ಕಾವಲು.

ಮಾತು ನುಂಗಿದರೆ ಅದೇ ಯೋಚನೆ ಇನ್ನೂ ಜೋರಾಗಿ ಮರಳಬಹುದು. ಹಾಗೆಂದು ಇಡೀ ದಿನ ಅದೇ ಜಗಳವೂ ಬೇಡ. ದಿನಕ್ಕೆ 30 ನಿಮಿಷ, ಊಟವಾದ ಮೇಲೆ, ಮಕ್ಕಳಿಲ್ಲದಾಗ ಮಾತಾಡಿ. ಮಲಗುವ ಹೊತ್ತಿಗೆ ಬೇಡ. ಬೇರೆಯವರ ನಿದ್ರೆ ಮಾತ್ರೆ ಮುಟ್ಟಬೇಡಿ. ಕುಡಿದರೆ ಬೇಗ ನಿದ್ರೆ ಬಂದರೂ ಅರ್ಧ ರಾತ್ರಿಗೇ ಒಡೆಯುತ್ತದೆ.

ತಿಂಗಳು ದಾಟಿದರೂ ನಿದ್ರೆ, ಕೆಲಸ ಹಳಿಗೆ ಬರದಿದ್ದರೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತವಿದ್ದರೆ ಮೊದಲು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.