ಮಾದರಿ ರೈಲಿನ ಪಕ್ಕದ ಆಲೆಮನೆಗೂ ಒಳಾಂಗಣ ಬೇಕು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿರುವ ನನಗೆ, ರೈಲು, ಹಳಿ, ಊರುಗಳ ಪುಟ್ಟ ಪ್ರತಿರೂಪ ಕಟ್ಟುವ ಇಲ್ಲಿನ ಮಾದರಿ ರೈಲು ಹವ್ಯಾಸಿಗಳ ಕೆಲಸದಲ್ಲಿ ಬಹಳ ಮೆಚ್ಚುಗೆಯಾದದ್ದು ಎಂಜಿನ್ನುಗಳಲ್ಲ, ಹಳಿಯ ಪಕ್ಕದಲ್ಲಿ ಅವರು ಕಟ್ಟುವ ಕಾರ್ಖಾನೆಗಳ ಒಳಾಂಗಣ. ಸಿದ್ಧ ಕಿಟ್ ಕೊಳ್ಳದೆ, ಪ್ಲಾಸ್ಟಿಕ್ ಹಾಳೆ, ಮರದ ಪಟ್ಟಿ, ಹಿತ್ತಾಳೆ ತಂತಿಗಳಿಂದಲೇ ಕಂಬ, ತೊಲೆ, ಯಂತ್ರಗಳನ್ನು ರೂಪಿಸಿ, ಚಾವಣಿಯನ್ನು ಎತ್ತಿ ತೆಗೆಯುವಂತೆ ಮಾಡುತ್ತಾರೆ. ಇದನ್ನು ನೋಡುವಾಗಲೆಲ್ಲ ಮೈಸೂರಿನ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವ ಪದ್ಧತಿಯನ್ನು ಇದರೊಡನೆ ಹೋಲಿಸದೆ ಇರಲು ನನಗೆ ಸಾಧ್ಯವಾಗಿಲ್ಲ.

ಎರಡರ ಮೂಲವೂ ಹಬ್ಬದ ಮನೆಯಲ್ಲೇ ಇದೆ. ಈ ರಾಜ್ಯದ ಬ್ರೂಕ್‌ವಿಲ್ ಊರಿನ ಚಾರ್ಲ್ಸ್ ಬೌಡಿಷ್ 1920ರ ಕ್ರಿಸ್‌ಮಸ್ ಮುನ್ನಾದಿನ ತಮ್ಮ ಮನೆಯಲ್ಲಿ ಬಂದವರಿಗೆ ತೋರಿಸಿದ ಪುಟ್ಟ ರೈಲು ಮತ್ತು ಹಳ್ಳಿ ವರ್ಷ ವರ್ಷವೂ ಬೆಳೆದು, 1954ರಲ್ಲಿ ಪಿಟ್ಸ್‌ಬರ್ಗ್ ನಗರದ ವಿಜ್ಞಾನ ಪ್ರದರ್ಶನಾಲಯವನ್ನು ಸೇರಿತು. ನಮ್ಮಲ್ಲಿಯೂ ಪಟ್ಟದ ಗೊಂಬೆಗಳ ಕೆಳಗೆ ರಾಗಿ ಮೊಳಕೆಯ ಹಸಿರು ಪಾರ್ಕು, ಕೆರೆ, ಸಂತೆ ಎಲ್ಲವನ್ನೂ ಕೈಯಿಂದಲೇ ಮಾಡುವವರಿದ್ದಾರೆ. ಸಾಮಗ್ರಿಯನ್ನು ಕಂಡುಕೊಳ್ಳುವ ಜಾಣ್ಮೆಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಆದರೆ ಅಲ್ಲಿ ಸಂತೆಯ ವ್ಯಾಪಾರಿ ತನ್ನ ಅಂಗಡಿಗಿಂತ ಎತ್ತರವಾಗಿದ್ದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. 1:87 ಪ್ರಮಾಣದಲ್ಲಿ, ಅಂದರೆ ನಿಜದ ಅಳತೆಯ 87ನೇ ಒಂದು ಭಾಗದಲ್ಲಿ, ಒಂದು ಅಡಿಗೆ 3.5 ಮಿಲಿಮೀಟರ್ ಎಂದು ನಿರ್ಧರಿಸಿದ ಮೇಲೆ ಬಾಗಿಲು, ಏಣಿ, ಮನುಷ್ಯ ಎಲ್ಲರೂ ಅದಕ್ಕೇ ಬದ್ಧರು.

ಹಾಗೆಂದು ಇಲ್ಲಿನ ಕ್ರಮವೆಲ್ಲ ಅನುಕರಣೀಯವೆಂದು ನಾನು ಭಾವಿಸುವುದಿಲ್ಲ. ಲೇತ್, ಡ್ರಮ್, ಪೆಟ್ಟಿಗೆ ಎಲ್ಲವೂ ಸಿದ್ಧವಾಗಿ ಸಿಗುವುದರಿಂದ ಎಷ್ಟೋ ಒಳಾಂಗಣಗಳು ತುಂಬಿಕೊಂಡಿರುತ್ತವೆಯೇ ಹೊರತು, ಅಲ್ಲಿ ಏನು ತಯಾರಾಗುತ್ತದೆ ಎಂದು ನೋಡುವವನಿಗೆ ತಿಳಿಯುವುದಿಲ್ಲ. ಕಚ್ಚಾ ಮಾಲು ಬರುವ ಬಾಗಿಲಿನಿಂದ ಸರಕು ಹೊರಡುವ ಬಾಗಿಲಿನವರೆಗೆ ಕಣ್ಣು ಕೆಲಸದ ಜಾಡನ್ನು ಹಿಡಿದು ಸಾಗುವಂತಿದ್ದರೆ ಮಾತ್ರ ಅದು ಕಾರ್ಖಾನೆಯ ಒಳಾಂಗಣವೆನಿಸುತ್ತದೆ.

ಈ ದೃಷ್ಟಿಯಿಂದ ಮಂಡ್ಯದ ಆಲೆಮನೆಗಿಂತ ಒಳ್ಳೆಯ ವಸ್ತು ನನಗೆ ತೋರುತ್ತಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಷುಗರ್ ಕಾರ್ಖಾನೆಯನ್ನು ಕಟ್ಟುವ ಆಸೆ ಸಹಜವೇ. ಆದರೆ ಅರೆಯುವ ರೋಲರುಗಳಿಂದ ಸಕ್ಕರೆ ಬೇರ್ಪಡಿಸುವ ಯಂತ್ರಗಳವರೆಗೆ ಅದರ ಸರಣಿ ಮನೆಯ ಮೇಜಿಗೆ ದೊಡ್ಡದು. ಆಲೆಮನೆಯಲ್ಲಾದರೆ ಇಡೀ ಕೆಲಸ ಒಂದೇ ಚಾವಣಿಯಡಿ ಮುಗಿಯುತ್ತದೆ: ಗಾಣಕ್ಕೆ ಕಬ್ಬು, ಕೊಪ್ಪರಿಗೆಗೆ ಹಾಲು, ಪಾಕವಾದ ಮೇಲೆ ಅಚ್ಚಿಗೆ ಬೆಲ್ಲ. ಹಿಂಡಿದ ಸಿಪ್ಪೆ ಅಂಗಳದಲ್ಲಿ ಒಣಗಿ ಮತ್ತೆ ಒಲೆಗೇ ಬರುತ್ತದೆ. ಉರಿ ಹಾಕುವವನು ಕೊಪ್ಪರಿಗೆಯ ಮಟ್ಟಕ್ಕಿಂತ ತಗ್ಗಿನಲ್ಲಿ ನಿಲ್ಲುವುದರಿಂದ ನೆಲವನ್ನು ಒಂದೇ ಹಾಳೆಯಾಗಿ ಕತ್ತರಿಸದೆ, ಎರಡು ಮಟ್ಟದಲ್ಲಿ ಮಾಡಬೇಕು. ಇದೊಂದನ್ನು ಮರೆತರೆ ಉಳಿದ ಅಂದವೆಲ್ಲ ವ್ಯರ್ಥ.

ಎಂಟು ಅಡಿ ಅಗಲದ ಕೊಪ್ಪರಿಗೆ 1:87ರಲ್ಲಿ 28 ಮಿಲಿಮೀಟರ್ ಆಗುತ್ತದೆ. ಸೋಡಾ ಬಾಟಲಿಯ ತಗಡಿನ ಮುಚ್ಚಳದ ಸುಕ್ಕಿನ ಅಂಚನ್ನು ಅರದಿಂದ ಉಜ್ಜಿ ತೆಗೆದರೆ ಹೆಚ್ಚುಕಡಿಮೆ ಅದೇ ಅಳತೆ ದೊರೆಯುತ್ತದೆ. ಅದರೊಳಗೆ ಕಂದು ಬಣ್ಣ ಬೆರೆಸಿದ ಎಪಾಕ್ಸಿ ಅಂಟನ್ನು ತೆಳುವಾಗಿ ಸುರಿದು, ಅಂಚಿನಲ್ಲಿ ಮಾತ್ರ ಬಿಳಿಯ ನೊರೆಯನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಸಾಕು. ಒಲೆಯ ಬಾಯಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ, ಅದಕ್ಕೆ ತಕ್ಕ ರೆಸಿಸ್ಟರ್, ಮತ್ತು ಬೆಳಕು ಸೋರದಂತೆ ಗೋಡೆಯ ಒಳಮೈಗೆ ಮೊದಲು ಕಪ್ಪು, ಅದರ ಮೇಲೆ ಸುಣ್ಣದ ಬಿಳುಪು, ಕೊಪ್ಪರಿಗೆಯ ನೇರಕ್ಕೆ ಚಾವಣಿಯ ಅಡಿಯಲ್ಲಿ ಹೊಗೆಯ ಮಸಿ. ಕಬ್ಬಿನ ವಿಷಯದಲ್ಲಿ ಮಾತ್ರ ಈ ಪ್ರಮಾಣ ಕಷ್ಟ ಕೊಡುತ್ತದೆ: ಒಂದು ಅಂಗುಲ ದಪ್ಪದ ಜಲ್ಲೆ ಇಲ್ಲಿ 0.3 ಮಿಲಿಮೀಟರ್‌ಗಿಂತ ಕಡಿಮೆ, ತೆಂಗಿನ ಕಡ್ಡಿಯೂ ತೊಲೆಯಂತೆ ಕಾಣುತ್ತದೆ. ಒಳಾಂಗಣವೇ ಮುಖ್ಯವೆನ್ನುವವರು ಇದಕ್ಕಿಂತ ದೊಡ್ಡದಾದ 1:48 ಪ್ರಮಾಣವನ್ನು ಆರಿಸಿಕೊಳ್ಳುವುದೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ.

ಗಾಣವೋ ಕೊಪ್ಪರಿಗೆಯೋ ಇಲ್ಲಿನ ಯಾವ ಕ್ಯಾಟಲಾಗಿನಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಡ್ಯದಲ್ಲಿರುವವರಿಗೆ ಅವು ಅಳತೆಪಟ್ಟಿ ಹಿಡಿದು ಹೋಗಿ ಬರುವಷ್ಟು ಹತ್ತಿರ. ಹೊರಗಿರುವ ನಮ್ಮಂಥವರು ಫೋಟೋ ನೋಡಿ ಊಹಿಸುವುದಕ್ಕಿಂತ, ಆಲೆಯಾಡುತ್ತಿರುವಾಗಲೇ ಗಾಣಕ್ಕೂ ಒಲೆಗೂ ನಡುವಣ ದೂರ, ತಗ್ಗಿನ ಆಳ, ಚಿಮಣಿಯ ಎತ್ತರ ಇವುಗಳನ್ನು ಅಲ್ಲಿನವರೇ ಬರೆದುಕೊಂಡು, ಮೈಸೂರಿನ ಗೊಂಬೆ ಕೂರಿಸುವ ಕೈಗಳಿಗೆ ಒಪ್ಪಿಸಬೇಕೆಂಬುದು ನನ್ನ ಕೋರಿಕೆ.