ಸಮ ಅಂದ್ರೆ ಸಮ, ಅದಕ್ಕೇನು ಕಾಯಿಲೆ?

ನಿನ್ನೆ ರಾತ್ರಿ ಸ್ಪೀಡ್‌ವೇ ಅನ್ನೋ ಬೈಕ್ ರೇಸ್ ನೋಡಿ ಮನೆ ಮುಟ್ಟಿದಾಗ ಹನ್ನೆರಡೂವರೆ. ಜಾಕೆಟ್ ತುಂಬ ಕೆಂಪು ಮಣ್ಣು, ಶೂ ಒಳಗೆ ನೀರು. ಅದೆಲ್ಲ ಬಿಡಿ, ಅಭ್ಯಾಸ ಆಗಿದೆ. ಆದರೆ ಸಮ ಆದ ಪಂದ್ಯಕ್ಕೆ ಇನ್ನೊಂದು ಓಟ ಇಟ್ಟ ಸಿಟ್ಟಿಗೆ ಬೆಳಗಿನ ಜಾವದವರೆಗೂ ನಿದ್ದೆ ಬರಲಿಲ್ಲ, ಅದಕ್ಕೆ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ಇಷ್ಟ ಇಲ್ಲದವರು ಮುಂದೆ ಹೋಗಿ.

ಇಂಗ್ಲೆಂಡಿಗೆ ಬಂದು ಎಂಟು ವರ್ಷ ಆಯ್ತು. ಬಂದ ಹೊಸದರಲ್ಲಿ ಪಕ್ಕದ ಮನೆಯ ಅಜ್ಜ ಒಂದು ಸಂಜೆ 'ಸುಮ್ನೆ ಬಾ' ಅಂತ ಸ್ಪೀಡ್‌ವೇ ನೋಡಲು ಕರೆದುಕೊಂಡು ಹೋದರು. ಗೇಟಿನ ಹತ್ತಿರ ಹೋಗುತ್ತಿದ್ದ ಹಾಗೇ ಮೂಗಿಗೆ ಒಂದು ವಾಸನೆ ಬಡಿಯಿತು, ಎಲ್ಲೋ ಗೊತ್ತಿರುವ ವಾಸನೆ. ಆಮೇಲೆ ಗೊತ್ತಾಯ್ತು, ಸುಟ್ಟ ಹರಳೆಣ್ಣೆ! ಈ ಬೈಕುಗಳ ಎಂಜಿನ್ನಿಗೆ ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುವ ರೂಢಿ ಇದೆಯಂತೆ. ದಾವಣಗೆರೆಯಲ್ಲಿ ನಮ್ಮಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಅವತ್ತು ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ.

ಗೊತ್ತಿಲ್ಲದವರಿಗೆ ಆಟ ಏನು ಅಂತ ಬೇಗ ಹೇಳಿಬಿಡುತ್ತೇನೆ. 500 ಸಿಸಿ ಬೈಕು, ಒಂದೇ ಗೇರು, ಮೆಥನಾಲ್ ಇಂಧನ, ಬ್ರೇಕೇ ಇಲ್ಲ. ಹೌದು, ಬ್ರೇಕ್ ಇಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೆ ಎಡಕ್ಕೆ ತಿರುಗುತ್ತಾ, ಹಿಂದಿನ ಚಕ್ರವನ್ನು ಅಡ್ಡ ಜಾರಿಸುತ್ತಾ ನಾಲ್ಕು ಸುತ್ತು. ಒಂದು ಓಟಕ್ಕೆ, ಅಂದರೆ ಒಂದು ಹೀಟ್‌ಗೆ, ಹೆಚ್ಚು ಕಡಿಮೆ ಒಂದು ನಿಮಿಷ. ಎರಡೂ ತಂಡದಿಂದ ಇಬ್ಬಿಬ್ಬರು. ಮೊದಲು ಬಂದವನಿಗೆ 3 ಅಂಕ, ಆಮೇಲಿನವರಿಗೆ 2, 1, ಕೊನೆಯವನಿಗೆ ಸೊನ್ನೆ. ಇಂಥ 15 ಹೀಟ್. ಒಟ್ಟು 90 ಅಂಕ. ಈಗ ಲೆಕ್ಕ ನೀವೇ ಹಾಕಿ, 45-45 ಆಗಬಹುದು ಅಲ್ವಾ? ಆಗುತ್ತೆ. ನಿನ್ನೆ ಆಯ್ತು.

ನಿನ್ನೆ ನಾವು ಬೇರೆಯವರ ಊರಿಗೆ ಹೋಗಿದ್ದೆವು. ಅಜ್ಜನ ಕಾರಿನಲ್ಲಿ ಎರಡು ಗಂಟೆ ಪ್ರಯಾಣ. ಅವರ ಟ್ರ್ಯಾಕು, ಅವರ ಮಣ್ಣು, ಯಾವ ತಿರುವಿನಲ್ಲಿ ಎಲ್ಲಿ ಹಿಡಿತ ಸಿಗುತ್ತೆ ಅಂತ ಅವರ ಹುಡುಗರಿಗೆ ಕಣ್ಣು ಮುಚ್ಚಿದರೂ ಗೊತ್ತು. ಎಂಟನೇ ಹೀಟ್ ಮುಗಿದಾಗ 28-20, ನಾವು ಹಿಂದೆ. ಮೇಲಿಂದ ಜಿಟಿಜಿಟಿ ಮಳೆ. ಅಜ್ಜ ಥರ್ಮಾಸ್ ಮುಚ್ಚಿ 'ಮನೆಗೆ ಹೋಗೋಣವಾ' ಅಂದರು. ಅಲ್ಲಿಂದ ಒಂದೊಂದೇ ಅಂಕ ಕಿತ್ತುಕೊಳ್ಳುತ್ತಾ ಬಂದೆವು.

ಹದಿನಾಲ್ಕನೇ ಹೀಟ್ ಹೇಳಲೇಬೇಕು. ನಮ್ಮ ರಿಸರ್ವ್ ಹುಡುಗ, ತಂಡದ ಏಳು ಜನರಲ್ಲಿ ಏಳನೆಯವನು. ವಯಸ್ಸು ಇನ್ನೂ ಇಪ್ಪತ್ತು ದಾಟಿಲ್ಲ. ಹಗಲು ಎಲ್ಲೋ ಕೆಲಸ ಮಾಡಿ ಸಂಜೆ ಬಂದು ಬೈಕು ಏರುವವನು. ಮೂರೂವರೆ ಸುತ್ತು ಕೊನೆಯಲ್ಲೇ ಇದ್ದ, ಮುಂದಿನವರ ಚಕ್ರದ ಕೆಸರೆಲ್ಲ ಇವನ ಮುಖಕ್ಕೆ. ಕನ್ನಡಕದ ಮೇಲಿನ ಪೊರೆ ಕಿತ್ತು ಎಸೆದ, ಕೊನೆಯ ತಿರುವಿನಲ್ಲಿ ಯಾರೂ ಹೋಗದ ಹೊರ ಅಂಚಿಗೆ, ಬೇಲಿಗೆ ಅಂಟಿಕೊಂಡ ಹಾಗೆ ಬೈಕು ಬಿಟ್ಟ. ಗೆರೆಯ ಹತ್ತಿರ ಅರ್ಧ ಚಕ್ರದಷ್ಟು ಮುಂದೆ. ಮೂರನೇ ಸ್ಥಾನ. ಒಂದೇ ಒಂದು ಅಂಕ! ಅದರಿಂದ ಆ ಹೀಟ್ 3-3 ಆಗಿ ಒಟ್ಟು 43-41ಕ್ಕೆ ನಿಂತಿತು. ಕೊನೆಯ ಹೀಟ್‌ನಲ್ಲಿ ನಾವು 4-2 ಗೆದ್ದೆವು. 45-45. ಆ ಹುಡುಗ ಆ ಒಂದು ಅಂಕ ತರದಿದ್ದರೆ 46-44ಕ್ಕೆ ಸೋತಿರುತ್ತಿದ್ದೆವು. ನಾನು ಪಕ್ಕದಲ್ಲಿದ್ದ ಯಾರೋ ಅಪರಿಚಿತನನ್ನು ತಬ್ಬಿಕೊಂಡೆ. ಅವನು ಆ ಊರಿನವನು ಅಂತ ಆಮೇಲೆ ಗೊತ್ತಾಯ್ತು, ಅವನೂ ನಗುತ್ತಿದ್ದ. ಅಷ್ಟು ಚೆನ್ನಾಗಿತ್ತು.

ಅಲ್ಲಿಗೆ ಮುಗಿಸಬೇಕಿತ್ತು. ಮುಗಿಸಲಿಲ್ಲ. ಮೈಕಿನಲ್ಲಿ ಕೂಗಿದರು, 'ಸೂಪರ್ ಹೀಟ್'!

ಟೈ ಆದರೆ ಇನ್ನೊಂದು ಓಟ. ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಆರಿಸಿ ಕಳಿಸಬೇಕು. ಯಾರನ್ನು ಕಳಿಸುತ್ತಾರೆ ಹೇಳಿ? ಆ ಏಳನೇ ನಂಬರ್ ಹುಡುಗನನ್ನಾ? ಸ್ಟಾರುಗಳನ್ನೇ ತಾನೇ. ಹದಿನೈದನೇ ಹೀಟ್‌ನಲ್ಲಿ ಈಗ ತಾನೇ ಓಡಿ ಬಂದ ಅದೇ ಮುಖಗಳು, ಅದೇ ಬಿಸಿ ಎಂಜಿನ್ನು. ಓಟ ಶುರುವಾಗುವಾಗ ನಿಲ್ಲುವ ಜಾಗಕ್ಕೆ ಗೇಟು ಅಂತಾರೆ; ನಮ್ಮವರಿಗೆ 2 ಮತ್ತು 4ನೇ ಗೇಟು, ಅವರಿಗೆ 1 ಮತ್ತು 3. ನಿನ್ನೆಯ ಮಳೆಗೆ ಒಳಗಿನ ಒಂದನೇ ಗೇಟಿನಲ್ಲಿ ಮಾತ್ರ ಸ್ವಲ್ಪ ಹಿಡಿತ ಉಳಿದಿತ್ತು, ಉಳಿದದ್ದೆಲ್ಲ ಗಂಜಿ. ಓಟ ಶುರು ಮಾಡುವ ಟೇಪ್ ಮೇಲೆ ಹೋಯ್ತು, ನಮ್ಮ ಒಬ್ಬನ ಹಿಂದಿನ ಚಕ್ರ ನಿಂತಲ್ಲೇ ಸುತ್ತಿತು, ಇನ್ನೊಬ್ಬ ಮೊದಲ ತಿರುವಿನಲ್ಲೇ ಹೊರಗೆ ಹೋದ. ಮುಗೀತು. ಮಿಕ್ಕ ಮೂರೂಮುಕ್ಕಾಲು ಸುತ್ತು ಮೆರವಣಿಗೆ.

ಹದಿನಾಲ್ಕು ಜನ ಎರಡು ಗಂಟೆ ಹೊಡೆದಾಡಿ ಸಮ ಮಾಡಿಕೊಂಡದ್ದನ್ನು ನಾಲ್ಕು ಜನ ಎರಡು ಸೆಕೆಂಡಿನಲ್ಲಿ ಅಳಿಸಿದರು. ಆ ಹುಡುಗ ತಂದ ಒಂದು ಅಂಕ ಎಲ್ಲಿ ಹೋಯ್ತು? ಎಲೆ ಎತ್ತಿ ಕೈ ತೊಳೆದ ಮೇಲೆ 'ಬನ್ನಿ, ಇನ್ನೊಂದು ಹೋಳಿಗೆ ಯಾರು ಬೇಗ ತಿಂತೀರಿ ನೋಡೋಣ' ಅಂದ ಹಾಗಾಯ್ತು.

ಇದನ್ನು ತಂದವರ ವಾದ ನನಗೆ ಗೊತ್ತು. ಜನರಿಗೆ ಫಲಿತಾಂಶ ಬೇಕಂತೆ. ಯಾವ ಜನರಿಗೆ ಸ್ವಾಮಿ? ಪೋಲೆಂಡಿನ ದೊಡ್ಡ ಲೀಗ್ ನೋಡಿ, ಎಕ್ಸ್‌ಟ್ರಾಲಿಗಾ ಅಂತ. ಜಗತ್ತಿನ ಒಳ್ಳೆಯ ರೈಡರುಗಳೆಲ್ಲ ಅಲ್ಲೇ, ದುಡ್ಡು ಅಲ್ಲೇ, ಜನ ಅಲ್ಲೇ. ಅಲ್ಲೂ ಅದೇ 15 ಹೀಟ್. 45-45 ಆದರೆ ತಂಡಕ್ಕೊಂದು ಲೀಗ್ ಅಂಕ ಹಂಚಿಕೊಂಡು ಮನೆಗೆ ಹೋಗುತ್ತಾರೆ. ಅದರ ಮೇಲೆ ಎರಡೂ ಊರಿನ ಪಂದ್ಯ ಕೂಡಿಸಿ ಯಾರದ್ದು ಜಾಸ್ತಿಯೋ ಅವರಿಗೆ ಬೋನಸ್ ಅಂಕ. ಅದಕ್ಕೇ ಅಲ್ಲಿ ಕೊನೆಯ ಹೀಟ್‌ನ ಕೊನೆಯ ಅಂಕಕ್ಕೂ ಬೆಲೆ ಇದೆ. ಸಮ ಆಯ್ತು ಅಂತ ಅಲ್ಲಿ ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಿಲ್ಲ.

ಇಲ್ಲಿನ ಕಾಯಿಲೆಯೇ ಬೇರೆ. ಟ್ರ್ಯಾಕುಗಳು ಒಂದೊಂದೇ ಮುಚ್ಚುತ್ತಿವೆ. 2023ರ ಹೊತ್ತಿಗೆ ವುಲ್ವರ್‌ಹ್ಯಾಂಪ್ಟನ್ ಹೋಯ್ತು, ಪೀಟರ್‌ಬರೋ ಹೋಯ್ತು. ಒಂದು ಕಾಲಕ್ಕೆ ವೆಂಬ್ಲಿ ಸ್ಟೇಡಿಯಂ ತುಂಬಿಸುತ್ತಿದ್ದ ಆಟಕ್ಕೆ ಲಂಡನ್ನಿನಲ್ಲಿ ಈಗ ಒಂದು ಲೀಗ್ ತಂಡವೂ ಇಲ್ಲ. ಜಾಗ ಉಳಿಸಿಕೊಳ್ಳುವ ದಾರಿ ಕಾಣದೆ ನಿಯಮಕ್ಕೆ ಕೈ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಇನ್ನೊಂದು ತಮಾಷೆ. ಮಾಮೂಲಿ 3-2-1-0 ಲೆಕ್ಕದಲ್ಲಿ ಇನ್ನೊಂದು ಹೀಟ್ ಓಡಿಸಿದರೂ 3-3 ಆಗಿ ಮತ್ತೆ ಸಮ ಆಗಬಹುದು. ಒಬ್ಬ ಮೊದಲು ಬಂದು ಅವನ ಜೊತೆಗಾರ ಕೊನೆಗೆ ಬಂದರೆ ಸಾಕು. ಅಂದರೆ ಲೆಕ್ಕವನ್ನೇ ತಿರುಚಬೇಕು. ದೇಶಗಳ ನಡುವಿನ ಸ್ಪೀಡ್‌ವೇ ಆಫ್ ನೇಷನ್ಸ್‌ನಲ್ಲಿ 4-3-2-0 ಮಾಡಿದ್ದಾರೆ. 2021ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆದದ್ದು ಅದೇ. ಕೊನೆಯ ಓಟದಲ್ಲಿ ಮೊದಲು ಬಂದವನು ಪೋಲೆಂಡಿನ ಬಾರ್ತೋಶ್ ಝ್ಮಾರ್ಜ್ಲಿಕ್, ಗೆದ್ದದ್ದು ಬ್ರಿಟನ್, 5-4. ಬ್ರಿಟನ್ನಿನ ಲ್ಯಾಂಬರ್ಟ್ ಮತ್ತು ಬ್ಯೂಲಿ ಎರಡು-ಮೂರನೇ ಸ್ಥಾನ ಹಿಡಿದಿದ್ದರು. ಬ್ರಿಟನ್ನಿಗೆ 32 ವರ್ಷದ ಮೇಲೆ ಸಿಕ್ಕ ತಂಡದ ವಿಶ್ವ ಕಿರೀಟ, ಅಜ್ಜ ಅದರ ಮಾತು ಬಂದರೆ ಈಗಲೂ ಕಣ್ಣು ಒರೆಸಿಕೊಳ್ಳುತ್ತಾರೆ. ಅದು ಸರಿ. ಅದು ಫೈನಲ್. ಕಪ್ಪನ್ನು ಅರ್ಧ ಕೊಯ್ದು ಕೊಡೋಕಾಗಲ್ಲ. ಆದರೆ ಮಾಮೂಲಿ ಲೀಗ್ ಪಂದ್ಯಕ್ಕೆ, ಗುರುವಾರ ರಾತ್ರಿ ಮಳೆಯಲ್ಲಿ ಯಾವುದೋ ಊರಲ್ಲಿ ನಡೆಯುವ ಪಂದ್ಯಕ್ಕೆ, ಯಾಕೆ?

ನಮ್ಮ ಕಡೆಯವರು ಸುಮ್ಮನಿದ್ದಾರಾ ಅಂದರೆ ಅದೂ ಇಲ್ಲ. 2024ರ ಜನವರಿಯಲ್ಲಿ ಚಿನ್ನಸ್ವಾಮಿಯಲ್ಲಿ ಅಫ್ಘಾನಿಸ್ತಾನದ ಮೇಲೆ 212-212 ಆಯ್ತಲ್ಲ, ಸರಣಿ ಆಗಲೇ ನಮ್ಮ ಕೈಯಲ್ಲಿತ್ತು. ಆದರೂ ಸೂಪರ್ ಓವರ್. ಅದೂ 16-16. ಮತ್ತೆ ಇನ್ನೊಂದು! ನನ್ನ ತಮ್ಮ ಸ್ಟೇಡಿಯಂನಿಂದಲೇ ಫೋನ್ ಮಾಡಿ 'ಅಣ್ಣಾ, ಊಟ ಸಿಗುತ್ತೋ ಇಲ್ವೋ' ಅಂತಿದ್ದ. ಪ್ರೊ ಕಬಡ್ಡಿಯಲ್ಲಿ ಟೈ ಆದರೆ ಎರಡೂ ತಂಡಕ್ಕೆ ಮೂರು ಮೂರು ಅಂಕ ಕೊಡುತ್ತಿದ್ದರು, 2025ರ ಸೀಸನ್ನಿನಿಂದ ಲೀಗ್ ಪಂದ್ಯಕ್ಕೂ ಟೈ ಬ್ರೇಕರ್. ಮೊದಲ ಏಟು ತಿಂದವರು ಯಾರು? ನಮ್ಮ ಬೆಂಗಳೂರು ಬುಲ್ಸೇ. ಆಗ ನಾನು ಇಷ್ಟು ಸಿಟ್ಟಾಗಿರಲಿಲ್ಲ, ನಿಜ ಹೇಳುತ್ತೇನೆ. ಟಿವಿಯಲ್ಲಿ ನೋಡುವಾಗ ಮಜಾ ಅನ್ನಿಸುತ್ತೆ. ಮೈಯೆಲ್ಲ ಒದ್ದೆ ಮಾಡಿಕೊಂಡು ನಿಂತು ಒಂದೊಂದು ಅಂಕ ಬರೆದುಕೊಂಡವನಿಗೆ ಹಾಗನ್ನಿಸಲ್ಲ.

ಬರೆದುಕೊಳ್ಳೋದು ಅಂದೆನಲ್ಲ. ಇಲ್ಲಿ ಎಲ್ಲರ ಕೈಯಲ್ಲೂ ಒಂದು ಪುಸ್ತಕ, ಒಂದು ಪೆನ್ನು. ಪ್ರತಿ ಹೀಟ್‌ಗೆ ಒಂದು ಚೌಕ, ಯಾರು ಮೊದಲು, ಯಾರು ಬಿದ್ದರು, ಎಷ್ಟಕ್ಕೆಷ್ಟು, ಎಲ್ಲ ಕೈಯಲ್ಲೇ ಬರೆಯಬೇಕು. ಅಜ್ಜನ ಮನೆಯಲ್ಲಿ ಐವತ್ತು ವರ್ಷದ ಪುಸ್ತಕಗಳು ಬಿಸ್ಕತ್ ಡಬ್ಬಿಯಲ್ಲಿವೆ. ನಿನ್ನೆಯದರಲ್ಲಿ ಹದಿನೈದೇ ಚೌಕ. ಹದಿನಾರನೆಯದಕ್ಕೆ ಜಾಗವೇ ಇಲ್ಲ. ನಾನು ಅಂಚಿನಲ್ಲಿ ಎಲ್ಲಾದರೂ ಗೀಚೋಣ ಅಂತ ನೋಡುತ್ತಿದ್ದೆ. ಅಜ್ಜ ಕೆಳಗೆ 45-45 ಅಂತ ಬರೆದರು, ಎರಡು ಗೆರೆ ಎಳೆದರು, ಪೆನ್ನಿನ ಕ್ಯಾಪ್ ಹಾಕಿದರು. 'ಆ ಓಟ?' ಅಂದೆ. 'ಯಾವ ಓಟ?' ಅಂತ ಕೇಳಿ ಕಾರಿನ ಕಡೆ ನಡೆದರು.