ಸಾಲ ಮಾಡದವರಿಗೆ ಕಾರ್ಡ್ ಇಲ್ಲವಂತೆ!

57ನೇ ವಯಸ್ಸಿಗೆ ಮೊದಲ ಸಲ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದೆ. ಕೊಡಲ್ಲ ಅಂದರು. ಯಾಕೆ ಗೊತ್ತಾ? ಇವತ್ತಿನವರೆಗೂ ನಾನು ಯಾವ ಬ್ಯಾಂಕಿನಲ್ಲೂ ಸಾಲ ಮಾಡಿಲ್ಲವಲ್ಲ, ಅದಕ್ಕೆ!

ಗಂಗಾವತಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ದೊಡ್ಡ ಫ್ರಿಜ್ ಬೇಕಿತ್ತು. ಕ್ರೆಡಿಟ್ ಕಾರ್ಡ್ ಇದ್ದವರಿಗೆ ಬಡ್ಡಿ ಇಲ್ಲದ ಕಂತು, ಮೇಲೆ ರಿಯಾಯಿತಿ ಬೇರೆ. ರೊಕ್ಕ ಎಣಿಸಿ ಕೊಡುವವರಿಗೆ ಏನೂ ಇಲ್ಲ. ಸರಿ, ನಮಗೂ ಒಂದು ಇರಲಿ ಅಂತ ಬ್ಯಾಂಕಿಗೆ ಹೋದೆ.

ಪ್ಯಾನ್, ಆಧಾರ್, ಐಟಿ ರಿಟರ್ನ್ ಎಲ್ಲಾ ಕೊಟ್ಟೆ. ಕೌಂಟರಿನ ಹುಡುಗ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ. ಸಿಬಿಲ್ ಸ್ಕೋರ್, ಅಂದ್ರೆ ಸಾಲ ಹೇಗೆ ತೀರಿಸಿದ್ದೀವಿ ಅಂತ ನೋಡಿ ಕೊಡುವ ಅಂಕ, ಇರಬೇಕಾದ ಕಡೆ ಮೈನಸ್ ಒಂದು! 300ರಿಂದ 900ರವರೆಗೆ ಇರುವ ಲೆಕ್ಕದಲ್ಲಿ ನನ್ನ ಪಾಲಿಗೆ ಸೊನ್ನೆಯೂ ಇಲ್ಲ. 'ಕೆಟ್ಟ ಸ್ಕೋರ್ ಅಲ್ಲ ಸರ್, ನಿಮಗೆ ಹಿಸ್ಟರಿನೇ ಇಲ್ಲ' ಅಂದ.

ಇಲ್ಲವಂತೆ! ಇಷ್ಟು ವರ್ಷ ಅಂಗಡಿ ಬಾಡಿಗೆ ತಪ್ಪಿಸಿಲ್ಲ, ಜೆಸ್ಕಾಂ ಕರೆಂಟ್ ಬಿಲ್ಲು ತಪ್ಪಿಸಿಲ್ಲ, ಕಿರಾಣಿಯವರ ಬಾಕಿ ತಿಂಗಳು ದಾಟಿಸಿಲ್ಲ, ಊರಿನ ಚೀಟಿಯಲ್ಲಿ ಎತ್ತಿದ ಮೇಲೂ ಕೊನೇ ಕಂತಿನವರೆಗೆ ಕಟ್ಟಿದ್ದೇನೆ. ಅದ್ಯಾವುದೂ ಲೆಕ್ಕಕ್ಕಿಲ್ಲ. ಎದುರಿನ ಅಂಗಡಿಯವರು ಬಂಗಾರ ಅಡ ಇಡುತ್ತಾರೆ, ಬಿಡಿಸುತ್ತಾರೆ, ಮತ್ತೆ ಇಡುತ್ತಾರೆ. ಅವರಿಗೆ ಮಾತ್ರ ಕಾರ್ಡ್ ತಗೊಳ್ಳಿ ಅಂತ ಫೋನ್ ಮೇಲೆ ಫೋನ್. ನನ್ನ ಹೆಸರಿಗೆ ಸಿಬಿಲ್‌ನಲ್ಲಿ ಬಿದ್ದ ಮೊದಲ ಗೀಟು ಯಾವುದು ಅಂದ್ರೆ, ಈ ಕಾರ್ಡಿಗೆ ಅರ್ಜಿ ಹಾಕಿದಾಗ ಬ್ಯಾಂಕು ನನ್ನ ಬಗ್ಗೆ ವಿಚಾರಿಸಿದ ಎಂಕ್ವೈರಿ!

ನನ್ನ ಉದ್ರಿ ಪುಸ್ತಕ ಒಂದ್ಸಲ ಬಂದು ನೋಡಲಿ ಇವರು. ರೈಸ್ ಮಿಲ್ಲಿನ ಹಮಾಲರು, ಸಿಂಧನೂರು ಕಡೆಯ ಲಾರಿ ಡ್ರೈವರುಗಳು, ರೂಮ್ ಮಾಡಿಕೊಂಡಿರುವ ಕಾಲೇಜು ಹುಡುಗರು. 'ಮನೆಯಿಂದ ರೊಕ್ಕ ಬಂದ ಮೇಲೆ ಕೊಡ್ತೀನಿ ಅಣ್ಣ' ಅಂದರೆ ಬರೆದುಕೊಂಡು ಬಿಸಿ ರೊಟ್ಟಿ ಹಾಕಿಸುತ್ತೇನೆ. ಯಾರ ಸ್ಕೋರ್ ಕೇಳಿದ್ದೇನೆ? ಮುಳುಗಿಸಿ ಹೋದವರೂ ಇದ್ದಾರೆ ಬಿಡಿ, ಆದರೆ ಬೆರಳೆಣಿಕೆ.

ಆಮೇಲೆ ಮ್ಯಾನೇಜರ್ ದಾರಿ ತೋರಿಸಿದರು. ಎಫ್‌ಡಿ ಇಡಿ, ಅದರ ಮೇಲೆ ಕಾರ್ಡ್ ಕೊಡ್ತೀವಿ ಅಂತ. ಲಿಮಿಟ್ಟು ಎಫ್‌ಡಿಗಿಂತ ಕಡಿಮೆ. ಅಂದ್ರೆ ನನ್ನ ದುಡ್ಡು ಅವರ ಹತ್ತಿರ ಅಡ, ಅದರಲ್ಲೇ ಸ್ವಲ್ಪ ನನಗೆ ಸಾಲ, ತಪ್ಪಿದರೆ ಬಡ್ಡಿ. ಹೀಗೆ ಸ್ವಲ್ಪ ದಿನ ನಡೆಸಿದರೆ ಸ್ಕೋರ್ ಬರುತ್ತಂತೆ, ಆಗ ನಾನು ನಂಬಿಕಸ್ಥ! ಸುಮ್ನೆ ಎದ್ದು ಬಂದೆ. ಫ್ರಿಜ್ಜನ್ನು ರೊಕ್ಕ ಕೊಟ್ಟೇ ತಂದೆ.

ಆದರೆ ಬಿಡಲ್ಲ. ಕಾರ್ಡ್ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ಕೊಡಬೇಕು ಅಂತ ಆರ್‌ಬಿಐನ ನಿರ್ದೇಶನದಲ್ಲೇ ಇದೆ. ನನಗೆ ಬಂದದ್ದು ಒಂದು ಸಾಲಿನ ಮೆಸೇಜು, ಆಂತರಿಕ ನೀತಿಯ ಪ್ರಕಾರ ಸಾಧ್ಯವಿಲ್ಲ ಅಂತ, ಅದೂ ಇಂಗ್ಲಿಷಿನಲ್ಲಿ. ಇದೂ ಒಂದು ಕಾರಣನಾ? ಸರಿಯಾದ ಕಾರಣ ಕೊಡಿ ಅಂತ ಕನ್ನಡದಲ್ಲಿ ದೂರು ಬರೆದು, ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. 30 ದಿನದಲ್ಲಿ ಉತ್ತರ ಬರಲಿಲ್ಲ ಅಂದ್ರೆ ದೂರು ಸೀದಾ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗುತ್ತೆ.